ಅಗ್ಗಿಷ್ಟಿಕೆಯ ಮರದಿಂದ ಹುಟ್ಟಿದ ಗಿಟಾರ್

ಮೊದಲ ಎಲೆಕ್ಟ್ರಿಕ್ ಗಿಟಾರ್ ಕೊಳ್ಳೋಕೆ ಹೋಗಿ, ಬೆಲೆ ಕೇಳಿ ವಾಪಸ್ ಬಂದವರಿಗೆ ಈ ಕಥೆ.

1963ರ ಲಂಡನ್. 16ರ ಹುಡುಗ ಬ್ರಯಾನ್ ಮೇಗೆ ಗಿಟಾರ್ ಬೇಕು, ಮನೆಯಲ್ಲಿ ದುಡ್ಡಿಲ್ಲ. ಅಪ್ಪ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು. ಇಬ್ಬರೂ ಸೇರಿ ತಾವೇ ಮಾಡಲು ಕೂತರು. ಕುತ್ತಿಗೆಗೆ ಹಳೇ ಅಗ್ಗಿಷ್ಟಿಕೆಯ ಮರ, ಗುರುತಿನ ಚುಕ್ಕೆಗಳಿಗೆ ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳು, ಟ್ರೆಮೊಲೊಗೆ ಮೋಟರ್‌ಸೈಕಲ್ ಸ್ಪ್ರಿಂಗು! ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ಪನ್ನೂ ಮನೆಯಲ್ಲೇ ಮಾಡಿದರು. ಆದರೆ ತಂತಿ ಎಳೆದು ಬಾಗಿಸಿದರೆ ನಾದ ಕೆಡುತ್ತಿತ್ತು. ಕೊನೆಗೆ ಬರ್ನ್ಸ್ ಕಂಪನಿಯ ಮೂರು ಪಿಕಪ್ ಕೊಂಡು ತಂದರು.

ಇಂಜಿನಿಯರಾದ ನನಗೆ ಹಿಡಿಸಿದ್ದು ಇದೇ. ಇದ್ದ ಚೂರು ದುಡ್ಡನ್ನು ನಾದ ಹುಟ್ಟುವ ಜಾಗಕ್ಕೇ ಹಾಕಿದರು. ಆ 'ರೆಡ್ ಸ್ಪೆಷಲ್' 1973ರಲ್ಲಿ ಕ್ವೀನ್ ತಂಡದ ಮೊದಲ ಆಲ್ಬಮ್‌ನಲ್ಲೇ ಮೊಳಗಿತು.

ಬಣ್ಣ, ಬ್ರಾಂಡು ಆಮೇಲೆ. ಮೊದಲು ಪಿಕಪ್ ನೋಡಿ. ಏನಂತೀರಾ?