ಒಂದೇ ಎಂಜಿನ್, ಎರಡು ಮೈಕಟ್ಟು: ಡುಕಾಟಿ 998 ಮತ್ತು 999

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ನೆಲೆಸಿರುವ ನಮ್ಮಂಥವರಿಗೆ ಬ್ಲಾಕ್‌ಬರ್ನ್ ಎಂದರೆ ಹತ್ತಿಯ ಗಿರಣಿಗಳ ಹಳೆಯ ಊರು. ಬೈಕಿನ ಗೀಳು ಹತ್ತಿದವರಿಗೆ ಮಾತ್ರ ಅದು ಕಾರ್ಲ್ ಫೋಗರ್ಟಿಯ ಊರು. 1994, 1995, 1998 ಮತ್ತು 1999ರಲ್ಲಿ, ಒಟ್ಟು ನಾಲ್ಕು ಸಲ, ಅವರು ವಿಶ್ವ ಸೂಪರ್‌ಬೈಕ್ ಪ್ರಶಸ್ತಿ ಗೆದ್ದದ್ದು ಇಟಲಿಯ ಬೊಲೋನ್ಯಾ ನಗರದಲ್ಲಿ ತಯಾರಾದ ಕೆಂಪು ಡುಕಾಟಿಯ ಮೇಲೆ. ಆ ಕೆಂಪು ಬೈಕಿನ ಚಿತ್ರವನ್ನು ಹಾಸ್ಟೆಲಿನ ಕೋಣೆಯ ಗೋಡೆಗೆ ಅಂಟಿಸಿಕೊಂಡಿದ್ದವರಲ್ಲಿ ನಾನೂ ಒಬ್ಬ. ಐವತ್ತು ದಾಟಿದ ಮೇಲೆ, ಮನೆಯ ಸಾಲ ತೀರಿ ಕೈಯಲ್ಲಿ ಒಂದಿಷ್ಟು ಹಣ ಉಳಿದಾಗ, ಹಳೆಯದೊಂದನ್ನು ಕೊಳ್ಳುವ ಆಸೆ ಚಿಗುರಿತು. ಆಯ್ಕೆ ಎರಡಕ್ಕೆ ಬಂದು ನಿಂತಿತು: ಫೋಗರ್ಟಿಯ ಬೈಕಿನ ವಂಶದ ಕೊನೆಯ ಕುಡಿಯಾದ 998, ಅಥವಾ ಅದರ ಜಾಗಕ್ಕೆ ಬಂದು ಬೈಸಿಕೊಂಡ 999. ಈ ಎರಡರ ನಡುವಿನ ಜಗಳ ಅರ್ಥವಾಗಬೇಕಾದರೆ ಸ್ವಲ್ಪ ಇತಿಹಾಸವನ್ನು ತಿರುವಿ ಹಾಕಲೇಬೇಕು.

ಡುಕಾಟಿ ಸಂಸ್ಥೆ ಹುಟ್ಟಿದ್ದು 1926ರಲ್ಲಿ, ಬೈಕಿಗಾಗಿ ಅಲ್ಲ, ರೇಡಿಯೊ ಬಿಡಿಭಾಗಗಳಿಗಾಗಿ. ಅಂತೋನಿಯೊ ಕವಲಿಯೆರಿ ಡುಕಾಟಿ ಮತ್ತು ಅವರ ಮೂವರು ಮಕ್ಕಳು ಅದರ ಸ್ಥಾಪಕರು. ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಬೋರ್ಗೊ ಪನಿಗಾಲೆಯ ಕಾರ್ಖಾನೆ ಬಾಂಬಿಗೆ ತುತ್ತಾಯಿತು. ಯುದ್ಧ ಮುಗಿದಾಗ ಇಟಲಿಯ ಜನರಿಗೆ ಬೇಕಾಗಿದ್ದದ್ದು ಓಡಾಡಲು ಅಗ್ಗದ ವಾಹನ. ಸೈಕಲ್ಲಿಗೆ ಜೋಡಿಸುವ ‘ಕುಚ್ಚೊಲೊ’ ಎಂಬ ಪುಟ್ಟ ಎಂಜಿನನ್ನು ಸಂಸ್ಥೆ ತಯಾರಿಸತೊಡಗಿತು. ಇಟಾಲಿಯನ್ ಭಾಷೆಯಲ್ಲಿ ಆ ಮಾತಿಗೆ ನಾಯಿಮರಿ ಎಂದರ್ಥ.

ಸಂಸ್ಥೆಗೆ ಅದರ ಮುದ್ರೆಯನ್ನು ಒತ್ತಿದವರು 1954ರಲ್ಲಿ ಸೇರಿದ ಎಂಜಿನಿಯರ್ ಫಾಬಿಯೊ ತಾಲ್ಯೋನಿ. ಸಾಮಾನ್ಯ ಎಂಜಿನಿನಲ್ಲಿ ವಾಲ್ವನ್ನು ತೆರೆಯುವುದು ಯಂತ್ರದ ಕೆಲಸ, ಮುಚ್ಚುವುದು ಸ್ಪ್ರಿಂಗಿನ ಕೆಲಸ. ವೇಗ ಮಿತಿಮೀರಿದಾಗ ಆ ಸ್ಪ್ರಿಂಗು ಹಿಂದೆ ಬೀಳುತ್ತದೆ. ತಾಲ್ಯೋನಿಯವರು ಮುಚ್ಚುವ ಕೆಲಸಕ್ಕೂ ಪ್ರತ್ಯೇಕ ರಾಕರ್ ತೋಳನ್ನು ಇಟ್ಟರು. ‘ಡೆಸ್ಮೊ’ ಎಂದು ಕರೆಯುವ ಈ ಏರ್ಪಾಡು ಅವರ ಕಲ್ಪನೆಯಲ್ಲೇ ಮೊದಲು ಮೂಡಿದ್ದೇನಲ್ಲ. ಆದರೆ ಅದನ್ನು ಪಟ್ಟು ಹಿಡಿದು ಬೀದಿಯ ಬೈಕಿನವರೆಗೂ ತಂದು ಉಳಿಸಿಕೊಂಡವರು ಅವರು. ಎಪ್ಪತ್ತರ ದಶಕದ ಆರಂಭದಲ್ಲಿ ಬಂದ ಜೋಡಿ ಸಿಲಿಂಡರಿನ ಎಂಜಿನೂ ಅವರದೇ: ಒಂದು ಸಿಲಿಂಡರ್ ಮುಂದಕ್ಕೆ ಮಲಗಿ, ಇನ್ನೊಂದು ನೆಟ್ಟಗೆ ನಿಂತು, ನಡುವೆ ತೊಂಬತ್ತು ಡಿಗ್ರಿ ಕೋನ. ಎಂಬತ್ತರ ದಶಕದಲ್ಲಿ ಮಾಸ್ಸಿಮೊ ಬೋರ್ಡಿ ಅದಕ್ಕೆ ನೀರಿನ ತಂಪನ್ನೂ ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವುಗಳನ್ನೂ ಕೊಟ್ಟರು. ಮುಂದಿನ ಎಲ್ಲ ಕಥೆಯ ಬೀಜ ಅಲ್ಲಿದೆ.

1985ರಲ್ಲಿ ಕಾಜೀವಾ ಸಂಸ್ಥೆಯ ಕಸ್ತಿಲ್ಯೋನಿ ಸಹೋದರರು ಡುಕಾಟಿಯನ್ನು ಕೊಂಡಿದ್ದರು. ಅವರ ವಿನ್ಯಾಸ ಕೇಂದ್ರ ಇದ್ದದ್ದು ಸಾನ್ ಮರೀನೊದಲ್ಲಿ; ಅಲ್ಲಿನ ಮುಖ್ಯಸ್ಥರು ಮಾಸ್ಸಿಮೊ ತಂಬುರಿನಿ. ಬಿಮೋಟಾ ಎಂಬ ಬೈಕು ಸಂಸ್ಥೆಯ ಹೆಸರಿನಲ್ಲಿರುವ ಕೊನೆಯ ಅಕ್ಷರ ಅವರದೇ: ಬಿಯಾಂಕಿ, ಮೊರ್ರಿ, ತಂಬುರಿನಿ. 1993ರ ಕೊನೆಯಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಅವರ 916 ಹೊರಬಂದಿತು. ಹಿಂದಿನ ಚಕ್ರವನ್ನು ಹಿಡಿದದ್ದು ಒಂದೇ ತೋಳು, ಆದ್ದರಿಂದ ಬಲಗಡೆಯಿಂದ ನೋಡಿದರೆ ಚಕ್ರ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಸೈಲೆನ್ಸರುಗಳೆರಡೂ ಆಸನದ ಕೆಳಗೆ ಅಡಗಿವೆ. ಮುಂದೆ ಕಿರಿದಾದ ಎರಡು ದೀಪಗಳು, ಸ್ವಲ್ಪ ಮುನಿಸಿಕೊಂಡ ಕಣ್ಣುಗಳಂತೆ. ಇದರಲ್ಲಿ ಹಲವು ಅಂಶಗಳು ಬೇರೆಲ್ಲೋ ಮೊದಲೇ ಬಂದಿದ್ದವು. ಒಂಟಿ ತೋಳು ಹೋಂಡಾದ ರೇಸ್ ಬೈಕಿನಲ್ಲಿ ಆಗಲೇ ಇತ್ತು. ಆದರೆ ಎಲ್ಲವೂ ಒಂದೆಡೆ ಸೇರಿ, ಯಾವುದನ್ನೂ ಕೂಡಿಸಲಾಗದ, ಕಳೆಯಲಾಗದ ಆಕಾರ ತಾಳಿದ್ದು ಇಲ್ಲಿಯೇ. ಬೈಕುಗಳ ಬಗ್ಗೆ ಕಿಂಚಿತ್ತೂ ಆಸಕ್ತಿಯಿಲ್ಲದವರೂ ಇದರ ಮುಂದೆ ಒಂದು ಕ್ಷಣ ನಿಲ್ಲುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಅದೇ ಮೈಕಟ್ಟು 1999ರಲ್ಲಿ 996 ಆಯಿತು, 2002ರಲ್ಲಿ 998 ಆಯಿತು. ಹೊರಗಿನಿಂದ ನೋಡಿದರೆ ವ್ಯತ್ಯಾಸ ಅಲ್ಪ. ಒಳಗೆ ಮಾತ್ರ ಎಂಜಿನೇ ಹೊಸದು. ವಾಲ್ವುಗಳ ನಡುವಿನ ಕೋನವನ್ನು 40 ಡಿಗ್ರಿಯಿಂದ 25ಕ್ಕೆ ಇಳಿಸಿ ತಲೆಯನ್ನು ಕಿರಿದಾಗಿಸಿದ್ದರಿಂದ ಇದಕ್ಕೆ ‘ತೆಸ್ತಾಸ್ತ್ರೆತ್ತಾ’, ಅಂದರೆ ಕಿರುತಲೆ, ಎಂದು ಹೆಸರು.

ಅಷ್ಟರಲ್ಲಿ ಮನೆಯ ಯಜಮಾನಿಕೆ ಬದಲಾಗಿತ್ತು. 1996ರಲ್ಲಿ ಅಮೆರಿಕದ ಹೂಡಿಕೆದಾರರು ಡುಕಾಟಿಯ ಬಹುಪಾಲನ್ನು ಕೊಂಡರು. ತಂಬುರಿನಿ ಕಸ್ತಿಲ್ಯೋನಿಯವರ ಜೊತೆಯಲ್ಲೇ ಉಳಿದು ಎಂವಿ ಅಗುಸ್ತಾಕ್ಕೆ ದುಡಿದರು. ಆದ್ದರಿಂದ 916ರ ಉತ್ತರಾಧಿಕಾರಿಯನ್ನು ರೂಪಿಸುವ ಹೊಣೆ ದಕ್ಷಿಣ ಆಫ್ರಿಕಾ ಮೂಲದ ಪಿಯೆರ್ ಟೆರ್ಬ್ಲಾಂಚ್ ಅವರ ಹೆಗಲಿಗೆ ಬಂತು. ಅಂಥ ಉತ್ತರಾಧಿಕಾರ ಯಾರಿಗೂ ಬೇಡ. ಅವರು ಹಿರಿಯರ ಕೃತಿಯನ್ನು ನಕಲು ಮಾಡಲಿಲ್ಲ. ದೀಪಗಳನ್ನು ಒಂದರ ಮೇಲೊಂದು ಇಟ್ಟರು. ಒಂಟಿ ತೋಳಿನ ಬದಲು ಎರಡು ತೋಳು ತಂದರು. ಎರಡು ಸೈಲೆನ್ಸರುಗಳ ಜಾಗದಲ್ಲಿ ಒಂದು ಅಗಲವಾದ ಪೆಟ್ಟಿಗೆ. 2003ರ ಮಾದರಿಯಾಗಿ ಬಂದ 999 ಅನ್ನು ಕಂಡು ಅಭಿಮಾನಿಗಳು ಮುಖ ಸಿಂಡರಿಸಿದರು. ಮಗಳು ತಾಯಿಯಂತಿಲ್ಲವಲ್ಲ ಎಂದು ನೆಂಟರು ಗೊಣಗುವಂತಿತ್ತು ಅವರ ವರಸೆ.

ವಿಚಿತ್ರವೆಂದರೆ, ಎರಡರ ಎದೆಯೂ ಒಂದೇ. 999 ಎಂಬ ಹೆಸರಿದ್ದರೂ ಎಂಜಿನಿನ ಗಾತ್ರ 998 ಸಿಸಿಯೇ. ಸಿಲಿಂಡರಿನ ವ್ಯಾಸ 100 ಮಿಲಿಮೀಟರ್, ಪಿಸ್ಟನಿನ ಓಟ 63.5 ಮಿಲಿಮೀಟರ್, ಎರಡರಲ್ಲೂ. ಶಕ್ತಿ ಮೊದಲಿನದರಲ್ಲಿ ಸುಮಾರು 123 ಅಶ್ವಶಕ್ತಿ, ಎರಡನೆಯದರಲ್ಲಿ 124. (2005ರಲ್ಲಿ 999 ಅನ್ನು ತಿದ್ದಿ 140ಕ್ಕೆ ಏರಿಸಿದರು.) ಹೀಗಾಗಿ ಇವೆರಡರ ನಡುವೆ ಆರಿಸುವವನು ಎಂಜಿನನ್ನು ಆರಿಸುತ್ತಿಲ್ಲ, ಅದರ ಮೇಲೆ ಹೇಗೆ ಕುಳಿತುಕೊಳ್ಳಬೇಕು ಎಂಬುದನ್ನು ಆರಿಸುತ್ತಿದ್ದಾನೆ.

ಸ್ಪರ್ಧೆಯ ಕಣದಲ್ಲಿ ಸೋಲಲಿಲ್ಲ ಈ ಬೈಕು. 2003ರಲ್ಲಿ ಬರ್ನ್ಲಿಯ ನೀಲ್ ಹಾಡ್ಜ್‌ಸನ್, 2004ರಲ್ಲಿ ಜೇಮ್ಸ್ ಟೋಸ್‌ಲ್ಯಾಂಡ್, 2006ರಲ್ಲಿ ಆಸ್ಟ್ರೇಲಿಯಾದ ಟ್ರಾಯ್ ಬೇಲಿಸ್ ಇದರ ಮೇಲೆಯೇ ವಿಶ್ವ ಪ್ರಶಸ್ತಿ ಗೆದ್ದರು. ಟೋಸ್‌ಲ್ಯಾಂಡ್ ಒಳ್ಳೆಯ ಪಿಯಾನೊ ವಾದಕರೂ ಹೌದು, ಇದು ಸಂಗೀತಪ್ರಿಯ ಸದಸ್ಯರ ಗಮನಕ್ಕೆ. ನಾಲ್ಕು ವರ್ಷಗಳಲ್ಲಿ ಮೂರು ಕಿರೀಟ. ಆದರೂ ಅಂಗಡಿಯಲ್ಲಿ ಕೊಳ್ಳುವವನ ಕಣ್ಣು ಆ ಒಂದರ ಮೇಲೊಂದಿರುವ ದೀಪಗಳನ್ನು ಕ್ಷಮಿಸಲಿಲ್ಲ. 2007ರ ಮಾದರಿಯಾಗಿ ಬಂದ 1098ರಲ್ಲಿ ಡುಕಾಟಿ ಮತ್ತೆ ಒಂಟಿ ತೋಳಿಗೆ, ಅಕ್ಕಪಕ್ಕದ ದೀಪಗಳಿಗೆ ಮರಳಿತು. ಅದನ್ನು ಒಂದು ಬಗೆಯ ತಪ್ಪೊಪ್ಪಿಗೆ ಎಂದೇ ಹಲವರು ಓದಿದರು. ನನಗೆ ಅದು ಟೆರ್ಬ್ಲಾಂಚ್ ಅವರಿಗೆ ಆದ ಅನ್ಯಾಯದಂತೆ ತೋರುತ್ತದೆ.

ಏಕೆಂದರೆ ನಾನು ಎರಡರ ಮೇಲೂ ಕುಳಿತು ನೋಡಿದೆ. ಮೊದಲ ಶನಿವಾರ 998. ಮಾರುವವರು ಸಜ್ಜನರು, ಅರ್ಧ ಗಂಟೆ ಓಡಿಸಲು ಬಿಟ್ಟರು. ತೆರೆದ ರಸ್ತೆಯಲ್ಲಿ ಅದು ಹಳಿಯ ಮೇಲೆ ಹೋದಂತೆ ಹೋಯಿತು. ಆದರೆ ಹ್ಯಾಂಡಲ್ ತೀರ ಕೆಳಗೆ, ಕಾಲಿಡುವ ಕಟ್ಟೆ ತೀರ ಮೇಲೆ, ಆಸನ ಒಂದು ಹಲಗೆ. ಊರೊಳಗಿನ ದಟ್ಟಣೆಯಲ್ಲಿ ಮೈಯ ಭಾರವೆಲ್ಲ ಅಂಗೈ ಮೇಲೆ ಬಿತ್ತು. ಇಪ್ಪತ್ತೈದು ವರ್ಷ ಕೀಲಿಮಣೆ ಒತ್ತಿದ ಮಣಿಕಟ್ಟುಗಳು ಪ್ರತಿ ಸಿಗ್ನಲ್ಲಿನಲ್ಲೂ ದೂರು ಕೊಟ್ಟವು. ಆಸನದ ಕೆಳಗಿನ ಸೈಲೆನ್ಸರಿನ ಕಾವು ಬೇರೆ. ಜೊತೆಗೆ ಬಂದಿದ್ದ ನನ್ನಾಕೆ ಬೈಕನ್ನು ಒಂದು ಸುತ್ತು ನೋಡಿ, “ಚೆಂದ ಇದೆ ರೀ. ಆದರೆ ಇದು ನೋಡೋದಕ್ಕೋ, ಓಡಿಸೋದಕ್ಕೋ? ಅದನ್ನು ಮೊದಲು ತೀರ್ಮಾನ ಮಾಡಿ” ಎಂದಳು. ಎರಡರಲ್ಲಿ ಯಾವುದರ ಹಿಂಬದಿಯಲ್ಲೂ ತಾನು ಕೂರುವುದಿಲ್ಲ ಎಂಬುದನ್ನೂ ಅಲ್ಲಿಯೇ ಸ್ಪಷ್ಟಪಡಿಸಿದಳು.

ಮುಂದಿನ ವಾರ 999, ಒಂಟಿ ಆಸನದ ಮಾದರಿ. ಕಾಲಿಡುವ ಕಟ್ಟೆಗಳನ್ನು ಐದು ಸ್ಥಾನಗಳಲ್ಲಿ ಹೊಂದಿಸಬಹುದು. ಆಸನ ಮತ್ತು ಟ್ಯಾಂಕನ್ನು ಹಿಂದೆ ಮುಂದೆ ಸರಿಸಬಹುದು. ಸವಾರನಿಗೂ ಒಂದು ಮೈ ಇದೆ, ಆ ಮೈಗಳು ಒಂದೇ ಅಳತೆಯವಲ್ಲ ಎಂಬುದನ್ನು ಯಾರೋ ಕುಳಿತು ಯೋಚಿಸಿದ್ದಾರೆ. ಇದು ಮೆತ್ತನೆಯ ಬೈಕೇನಲ್ಲ. ಮಣಿಕಟ್ಟು ಇಲ್ಲಿಯೂ ನೋಯುತ್ತದೆ, ಆದರೆ ಅರ್ಧ ಗಂಟೆಗಲ್ಲ, ಒಂದೂವರೆ ಗಂಟೆಗೆ. ನನ್ನ ಭಾನುವಾರದ ದಾರಿ ಕರ್ಬಿ ಲಾನ್ಸ್‌ಡೇಲಿನ ಡೆವಿಲ್ಸ್ ಬ್ರಿಜ್‌ವರೆಗೆ. ಸವಾರರೆಲ್ಲ ಸೇರಿ ಚಹಾ ಕುಡಿಯುವ ಜಾಗ ಅದು. ಅಲ್ಲಿಗೆ ಆ ಒಂದೂವರೆ ಗಂಟೆ ಸಾಕು.

ಕೊಳ್ಳುವ ಯೋಚನೆಯಲ್ಲಿರುವ ಸದಸ್ಯರಿಗೆ ಒಂದೆರಡು ಮಾತು. ಬೆಲೆಯಲ್ಲಿ 998 ಮುಂದೆ. ಸಂಗ್ರಾಹಕರ ಕಣ್ಣು ಅದರ ಮೇಲಿದೆ. ಆದರೆ ಕೊಂಡ ಬೆಲೆಗಿಂತ ಸಾಕುವ ಬೆಲೆಯನ್ನು ಲೆಕ್ಕ ಹಾಕಿ. ಎಂಟು ವಾಲ್ವುಗಳಿಗೂ ತೆರೆಯುವ, ಮುಚ್ಚುವ ಎರಡೆರಡು ಸಂದುಗಳಿರುವುದರಿಂದ ಮೆಕ್ಯಾನಿಕ್ ಅಳೆಯಬೇಕಾದದ್ದು ಹದಿನಾರು ಕಡೆ; ಅವರ ಕೂಲಿ ಅದಕ್ಕೆ ತಕ್ಕಂತೆಯೇ ಇರುತ್ತದೆ. ಕ್ಯಾಮನ್ನು ತಿರುಗಿಸುವ ರಬ್ಬರ್ ಬೆಲ್ಟುಗಳನ್ನು ಬೈಕು ಓಡಿರಲಿ, ನಿಂತಿರಲಿ, ಎರಡು ವರ್ಷಕ್ಕೊಮ್ಮೆ ಬದಲಿಸುವುದು ರೂಢಿ. ಬೆಲ್ಟು ಕಡಿದರೆ ವಾಲ್ವು ಪಿಸ್ಟನಿಗೆ ಬಡಿದು ಎಂಜಿನ್ ಹಾಳಾಗುತ್ತದೆ. ಆದ್ದರಿಂದ ಕಡಿಮೆ ಓಡಿದೆ ಎಂಬ ಮಾತಿಗೆ ಮರುಳಾಗದೆ ರಸೀದಿ ಕೇಳಿ. ಹಳೆಯ 916, 996ಗಳಲ್ಲಿ ರಾಕರ್ ತೋಳಿನ ಮೇಲಿನ ಕ್ರೋಮ್ ಲೇಪ ಏಳುವುದು ಎಲ್ಲರಿಗೂ ತಿಳಿದ ಕಾಯಿಲೆ. 998ರ ಮುಂಚಿನ ಎಂಜಿನ್ ಕೊಳ್ಳುವವರು ಅದನ್ನು ತೆರೆಸಿ ನೋಡುವುದು ಒಳಿತು. ಇನ್ನು ತಗಡಿನ ಡಬ್ಬದಲ್ಲಿ ಮೊಳೆ ಕುಲುಕಿದಂಥ ಸದ್ದು ಕೇಳಿ ಗಾಬರಿಯಾಗಬೇಡಿ. ಅದು ಒಣ ಕ್ಲಚ್ಚಿನ ಸದ್ದು. ಎರಡರಲ್ಲೂ ಇದೆ, ಹುಟ್ಟಿನಿಂದ ಬಂದದ್ದು.

ನಾನು 999 ಕೊಂಡೆ. 998ರ ಮಾಲೀಕರಿಗೆ ಫೋನ್ ಮಾಡಿ ತಿಳಿಸಿದಾಗ ಅವರು ಬೇಸರಿಸಿಕೊಳ್ಳಲಿಲ್ಲ. ತಮ್ಮದನ್ನು ಮಾರುವ ಮನಸ್ಸು ತಮಗೂ ಪೂರ್ತಿ ಇರಲಿಲ್ಲ ಎಂದರು. ಆ ಸಂಜೆ ಗ್ಯಾರೇಜಿನಲ್ಲಿ ಹೊಸ ಬೈಕಿನ ಮುಂದೆ ನಿಂತು ಬಹಳ ಹೊತ್ತು ಆ ಎರಡು ದೀಪಗಳನ್ನು ನೋಡಿದೆ. ಚೆಂದವೆಂದು ಇನ್ನೂ ಅನ್ನಿಸಿಲ್ಲ. ಬೆಲ್ಟುಗಳನ್ನು ಮಾರ್ಚ್ ತಿಂಗಳಲ್ಲಿ ಬದಲಿಸಿದ್ದಾಗಿದೆ.