ಋತುಧರ್ಮವೂ ಮುಖದ ಮೊಡವೆಯೂ

ತಿಕೋಟ ತಾಲೂಕಿನ ಕಳ್ಳಕವಟಗಿಯಲ್ಲಿಯೇ ಆಗಲಿ, ಕನ್ನಡನಾಡಿನ ಮತ್ತಾವ ಊರಿನಲ್ಲಿಯೇ ಆಗಲಿ, ಸ್ತ್ರೀಯರ ಋತುಧರ್ಮವನ್ನು ಸೂಚಿಸಲು ‘ಮುಟ್ಟು’, ‘ಹೊರಗಾಗುವುದು’ ಎಂಬ ಮಾತುಗಳು ಬಳಕೆಯಲ್ಲಿರುವುವು. ಇವು ದೇಹದ ಸ್ಥಿತಿಯನ್ನು ಹೇಳುವ ಮಾತುಗಳಲ್ಲ. ದೇಹವನ್ನು ದೂರವಿಡುವ ಮಾತುಗಳು. ತಿಂಗಳಿಗೊಮ್ಮೆ ತರುಣಿಯ ಮುಖದಲ್ಲಿ ಏಳುವ ಮೊಡವೆಯನ್ನು ಜನರು ಯಾವ ಬಗೆಯಿಂದ ಅರ್ಥಮಾಡಿಕೊಂಡರೆಂಬ ಇತಿಹಾಸವು ಈ ದೂರದ ಭಾವನೆಯೊಡನೆ ಹೆಣೆದುಕೊಂಡಿದೆ.

ಈ ಭಾವನೆಯ ಮೂಲವು ಬಹು ಪುರಾತನವಾದುದು. ಇಂದ್ರನು ವಿಶ್ವರೂಪನನ್ನು ಕೊಂದು ಬ್ರಹ್ಮಹತ್ಯೆಗೆ ಗುರಿಯಾಗಿ, ಆ ಪಾಪವನ್ನು ಭೂಮಿ, ವೃಕ್ಷ, ಸ್ತ್ರೀ ಎಂಬ ಮೂವರಿಗೆ ಹಂಚಿದನೆಂದೂ, ಸ್ತ್ರೀಯರ ಪಾಲಿಗೆ ಬಂದುದೇ ರಜಸ್ಸೆಂದೂ ತೈತ್ತಿರೀಯ ಸಂಹಿತೆಯು ಹೇಳುತ್ತದೆ. ಅಲ್ಲಿಯೇ ರಜಸ್ವಲೆಯು ಪಾಲಿಸತಕ್ಕ ನಿಷೇಧಗಳೂ ಉಂಟು. ಅವಳು ಎಣ್ಣೆ ಹಚ್ಚಿಕೊಂಡರೆ ಹುಟ್ಟುವ ಮಗನು ಚರ್ಮರೋಗಿಯಾಗುವನೆಂಬುದು ಅವುಗಳಲ್ಲೊಂದು. ಋತುವಿಗೂ ಚರ್ಮಕ್ಕೂ ಗಂಟು ಬಿದ್ದುದು ಹೀಗೆ, ವೈದ್ಯನ ಕೈಯಿಂದಲ್ಲ, ಯಾಜ್ಞಿಕನ ಕೈಯಿಂದ.

ಸುಶ್ರುತಸಂಹಿತೆಯಲ್ಲಿ ಒಂದು ವಿಚಿತ್ರವು ಕಂಡುಬರುತ್ತದೆ. ಅದರ ಶಾರೀರಸ್ಥಾನದಲ್ಲಿ ಈ ನಿಷೇಧವೇ ಮರಳಿ ಬಂದು, ತೈಲಾಭ್ಯಂಗದಿಂದ ಸಂತಾನಕ್ಕೆ ಕುಷ್ಠವೆಂದು ಹೇಳಿದೆ. ನಿದಾನಸ್ಥಾನದ ಕ್ಷುದ್ರರೋಗಗಳ ಅಧ್ಯಾಯಕ್ಕೆ ಬಂದರೆ ಬೇರೆಯೇ ದೃಷ್ಟಿ. ಅಲ್ಲಿ ಮೊಡವೆಗೆ ಮುಖದೂಷಿಕೆಯೆಂದು ಹೆಸರು. ಬೂರುಗದ ಮುಳ್ಳಿನಂತೆ ತರುಣರ ಮುಖದಲ್ಲಿ ಏಳುವ ಈ ಪಿಟಕಗಳಿಗೆ ಕಫ, ವಾತ, ರಕ್ತಗಳು ಕಾರಣ. ಪಾಪದ ಮಾತಿಲ್ಲ, ಸ್ತ್ರೀಯೆಂಬ ದೂಷಣೆಯಿಲ್ಲ, ಯೌವನವೆಂಬ ಕಾಲದ ನಿರ್ದೇಶ ಮಾತ್ರ. ಚರ್ಮವನ್ನು ಕಣ್ಣಿಟ್ಟು ನೋಡಿದಾಗ ವೈದ್ಯನು ವೈದ್ಯನಾಗಿಯೇ ನುಡಿದನು. ರಜಸ್ಸಿನ ಪ್ರಸ್ತಾಪ ಬಂದಾಗ ಯಾಜ್ಞಿಕನ ಅಂಜಿಕೆಯನ್ನು ಎರವಲು ಪಡೆದನು.

ಈ ಅಂಜಿಕೆಯನ್ನು ನೇರವಾಗಿ ನಿರಾಕರಿಸಿದ ಕೀರ್ತಿಯು ಹನ್ನೆರಡನೆಯ ಶತಮಾನದ ಶರಣರಿಗೆ ಸಲ್ಲುವುದು. ಇದೇ ಜಿಲ್ಲೆಯ ಬಾಗೇವಾಡಿಯ ಹೆಸರಿನೊಡನೆ ಬೆರೆತಿರುವ ಬಸವಣ್ಣನವರ ಪರಂಪರೆಯಲ್ಲಿ ಜನನ, ಮರಣ, ಜಾತಿ, ಉಚ್ಛಿಷ್ಟ, ರಜಸ್ಸು ಎಂಬ ಐದು ಸೂತಕಗಳಿಗೂ ಎಡೆಯಿಲ್ಲ. ಲಿಂಗವನ್ನು ಧರಿಸಿದ ದೇಹಕ್ಕೆ ತಿಂಗಳ ಮೈಲಿಗೆಯಿಲ್ಲವೆಂಬುದು ಅವರ ನಿಲುವು. ಶರಣರು ಮೊಡವೆಯ ಕಾರಣವನ್ನು ಹುಡುಕಲಿಲ್ಲ. ಆದರೆ ಕಾರಣವನ್ನು ಹುಡುಕುವವನಿಗೆ ಅಡ್ಡವಾಗಿದ್ದ ಭೀತಿಯನ್ನು ಸರಿಸಿದರು. ಆಚರಣೆಯಲ್ಲಿ ಮಾತ್ರ ಮೈಲಿಗೆಯ ಭಾವನೆಯು ಹಲವು ಮನೆಗಳಲ್ಲಿ ಉಳಿದುಕೊಂಡಿತು.

ಇಂತಹ ಭೀತಿಯು ನಮ್ಮ ದೇಶಕ್ಕೇ ಮೀಸಲಾದುದೆಂದು ಎಣಿಸಲಾಗದು. ರೋಮಿನ ಪ್ಲಿನಿಯು ಮೊದಲನೆಯ ಶತಮಾನದಲ್ಲಿ, ರಜಸ್ವಲೆಯ ಸಾಮೀಪ್ಯದಿಂದ ಹೊಸ ದ್ರಾಕ್ಷಾರಸವು ಹುಳಿಯಾಗುವುದೆಂದು ಬರೆದನು. ಪ್ರಯೋಗಶಾಲೆಗಳು ತಲೆಯೆತ್ತಿದ ಮೇಲೆಯೂ, 1920ರಲ್ಲಿ, ವಿಯೆನ್ನಾದ ವೈದ್ಯ ಬೇಲಾ ಶಿಕ್ ಎಂಬವನು, ಋತುಮತಿಯಾದ ಸೇವಕಿಯ ಕೈ ಸೋಕಿದ ಹೂಗಳು ಬಾಡಿದುವೆಂದು ಕಂಡು, ಆಕೆಯ ಚರ್ಮದಿಂದ ಒಂದು ವಿಷವು ಹೊರಡುವುದೆಂದು ಪ್ರತಿಪಾದಿಸಿದನು. ಆ ವಿಷವು ಸಿದ್ಧವಾಗಲೇ ಇಲ್ಲ.

ಅಷ್ಟರಲ್ಲಿ ಬೇರೊಂದು ದಾರಿಯು ತೆರೆದಿತ್ತು. 1905ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗನು, ಗ್ರಂಥಿಗಳಿಂದ ರಕ್ತಕ್ಕೆ ಸೇರಿ ದೂರದ ಅಂಗಗಳನ್ನು ನಡೆಸುವ ರಸಗಳಿಗೆ ಹಾರ್ಮೋನ್ ಎಂಬ ಹೆಸರನ್ನಿತ್ತನು. 1923ರಲ್ಲಿ ಅಮೇರಿಕದ ಅಲೆನ್ ಮತ್ತು ಡಾಯ್ಸಿ ಅಂಡಾಶಯದಲ್ಲಿ ಇಂತಹ ರಸವಿರುವುದನ್ನು ತೋರಿಸಿದರು. 1929ರಲ್ಲಿ ಈಸ್ಟ್ರೋಜನ್ ವರ್ಗದ ಈಸ್ಟ್ರೋನ್, 1934ರಲ್ಲಿ ಪ್ರೊಜೆಸ್ಟರಾನ್ ಶುದ್ಧರೂಪದಲ್ಲಿ ದೊರೆತುವು.

ಇವುಗಳ ಏರಿಳಿತವೇ ಋತುಚಕ್ರ. ಚಕ್ರದ ಪೂರ್ವಾರ್ಧದಲ್ಲಿ ಈಸ್ಟ್ರೋಜನ್ ಹೆಚ್ಚುತ್ತದೆ. ಇದು ಚರ್ಮದಲ್ಲಿ ತೇವವನ್ನು ಹಿಡಿದಿಡಲು ನೆರವಾಗುವುದು. ಅಂಡವು ಹೊರಬಿದ್ದ ಬಳಿಕ ಪ್ರೊಜೆಸ್ಟರಾನ್ ಮೇಲಾಗುವುದು. ಗರ್ಭವು ನಿಲ್ಲದಿದ್ದರೆ ಎರಡೂ ಕುಗ್ಗಿ, ಬಳಿಕ ಸ್ರಾವವಾಗುವುದು. ಸ್ತ್ರೀದೇಹದಲ್ಲಿ ಅಲ್ಪಪ್ರಮಾಣದಲ್ಲಿರುವ ಆಂಡ್ರೋಜನ್ ಎಂಬ ರಸವು ಚರ್ಮದ ಜಿಡ್ಡಿನ ಗ್ರಂಥಿಗಳನ್ನು ಪ್ರಚೋದಿಸುತ್ತದೆ. ಈಸ್ಟ್ರೋಜನ್ ಇಳಿದಾಗ ಇದರ ಪ್ರಭಾವವೇ ಮುಂದಾಗುವುದು. ಜಿಡ್ಡು ಹೆಚ್ಚಿ, ರೋಮರಂಧ್ರಗಳು ಕಟ್ಟಿ, ಸೂಕ್ಷ್ಮಜೀವಿಗಳು ಬೆಳೆದು ಉರಿಯೂತವಾಗುವುದು. ಆದಕಾರಣ ಅನೇಕ ಸ್ತ್ರೀಯರಿಗೆ, ಎಲ್ಲರಿಗೂ ಅಲ್ಲ, ಸ್ರಾವಕ್ಕೆ ಮುಂಚಿನ ವಾರದಲ್ಲಿ ಗಲ್ಲದ ಸುತ್ತ ಮೊಡವೆಗಳು ಕೆರಳುವುವು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಮೊಡವೆಯು ಸ್ರಾವಕ್ಕಿಂತ ಮೊದಲೇ ಕೆರಳುತ್ತದೆ, ಸ್ರಾವವು ತೊಡಗಿದ ಮೇಲೆ ಶಮನದ ಕಡೆಗೆ ತಿರುಗುತ್ತದೆ. ಹೊರಹೋಗುವ ರಕ್ತವು ಕೆಟ್ಟದ್ದು, ಅದರ ಕೊಳೆಯೇ ಮುಖದಲ್ಲಿ ತೋರುವುದೆಂಬ ಊಹೆಗೆ ಆಧಾರವಿಲ್ಲ. ಆ ದಿನಗಳಲ್ಲಿ ಮೀಯಬಾರದು, ಮುಖ ತೊಳೆಯಬಾರದು ಎಂಬ ಕಟ್ಟಳೆಯಿಂದ ಹುಡುಗಿಗೆ ಲಾಭವೇನೂ ಇಲ್ಲ. ಉಜ್ಜದೆ ಮೃದುವಾಗಿ ಮುಖ ತೊಳೆಯುವುದು ಹಿತಕರ.

ಮತ್ತೊಂದು ಅಪಾಯವೂ ಉಂಟು. ಮುಟ್ಟು ತಿಂಗಳುಗಟ್ಟಲೆ ತಪ್ಪುತ್ತ, ಮೊಡವೆ ಬಲವಾಗಿ, ಮುಖದಲ್ಲಿ ಒರಟು ಕೂದಲು ಬೆಳೆಯತೊಡಗಿದರೆ ಅದು ಕೇವಲ ವಯಸ್ಸಿನ ಗುಣವಾಗಿರಲಾರದು. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ವರ್ಣಿಸಿದ ಅಂಡಾಶಯದ ವ್ಯಾಧಿಯ ಲಕ್ಷಣವು ಅದಾಗಿರಬಹುದು. ಅದಕ್ಕೆ ಚಿಕಿತ್ಸೆಯೂ ಉಂಟು. ಆದರೆ ಮುಟ್ಟಿನ ಮಾತನ್ನೇ ಬಾಯಿಬಿಟ್ಟು ಆಡಬಾರದೆಂಬ ಮನೆಯಲ್ಲಿ ತಾಯಿಗೆ ಮಗಳ ಲಕ್ಷಣಗಳು ತಿಳಿಯುವುದೆಂತು, ವೈದ್ಯನಿಗೆ ತಿಳಿಸುವುದೆಂತು? ಹೊರಗಿಟ್ಟ ವಿಷಯವು ಔಷಧದಿಂದಲೂ ಹೊರಗೇ ಉಳಿಯುತ್ತದೆ. ಮುಖದೂಷಿಕೆಯನ್ನು ಯೌವನದ ವಿಕಾರವೆಂದು ನಿರ್ಭೀತಿಯಿಂದ ಬರೆದ ಪ್ರಾಚೀನ ವೈದ್ಯನ ದೃಷ್ಟಿಯೂ, ರಜಸ್ಸಿಗೆ ಸೂತಕವಿಲ್ಲವೆಂದ ಶರಣರ ಧೈರ್ಯವೂ ಈ ನಾಡಿನವೇ. ಎರಡನ್ನೂ ಕೂಡಿಸಿಕೊಂಡ ಮನೆಯಲ್ಲಿ ಮಗಳು ತನ್ನ ಮೈಯ ಸಂಗತಿಯನ್ನು ತಾಯಿಯೊಡನೆ ನಾಚದೆ ಹೇಳಬಲ್ಲಳು.