ಕೊಳಲಿಗೆ ಮೈಕು: ಕಛೇರಿ ವೇದಿಕೆಯಲ್ಲಿ ಸ್ಥಾನ ಮತ್ತು ಆಯ್ಕೆ

ಕರ್ನಾಟಕ ಸಂಗೀತದ ಕಛೇರಿಯಲ್ಲಿ ಕೊಳಲಿಗೆ ಮುಖ್ಯವಾದ್ಯದ ಪಟ್ಟ ತಂದುಕೊಟ್ಟವರು ಕುಂಭಕೋಣದ ಶರಭಶಾಸ್ತ್ರಿಗಳು (1872–1904). ಅವರ ಕಾಲಕ್ಕೆ ಧ್ವನಿವರ್ಧಕ ಬಂದಿರಲಿಲ್ಲ. ‘ಮಾಲಿ’ ಎಂದೇ ಹೆಸರಾದ ಟಿ.ಆರ್. ಮಹಾಲಿಂಗಂ (1926–1986) ವೇದಿಕೆಗೆ ಬರುವ ಹೊತ್ತಿಗೆ ದಕ್ಷಿಣದ ಸಭೆಗಳಲ್ಲಿ ಮೈಕು ಕಾಣಿಸಿಕೊಂಡಿತ್ತು. ಹಾಡುಗಾರಿಕೆಗೆ ತೀರ ಹತ್ತಿರವಾದ ಮಾಲಿಯವರ ಗಮಕ, ಮೆಲ್ಲಗೆ ಊದಿದಾಗಿನ ಆ ನಾದ, ದೊಡ್ಡ ಸಭಾಂಗಣದ ಕೊನೆಯ ಸಾಲನ್ನು ಮೈಕಿಲ್ಲದೆ ಮುಟ್ಟುವುದು ಕಷ್ಟ. ಇಷ್ಟಾದರೂ ಗಾಯಕರಿಗೆಂದು ತಂದ ಮೈಕನ್ನೇ ಕೊಳಲಿಗೂ ಇಟ್ಟು, ಮಿಕ್ಕದ್ದನ್ನು ಮಿಕ್ಸರಿಗೆ ಬಿಡುವ ರೂಢಿ ಇನ್ನೂ ಹೋಗಿಲ್ಲ. ಮೈಕು ಯಾವುದು ಎನ್ನುವುದಕ್ಕಿಂತ ಮೊದಲು ಅದು ಎಲ್ಲಿರಬೇಕು ಎಂಬುದು ತೀರ್ಮಾನವಾಗಬೇಕು, ಮತ್ತು ಆ ತೀರ್ಮಾನ ಕೊಳಲಿನ ನಾದ ಎಲ್ಲಿಂದ ಹೊರಡುತ್ತದೆ ಎಂಬುದರಿಂದಲೇ ಹುಟ್ಟಬೇಕು ಎಂಬುದು ಈ ಲೇಖನದ ವಾದ.

ಕೊಳಲು ಎರಡು ತುದಿಗಳಲ್ಲೂ ತೆರೆದ ಕೊಳವೆಯಂತೆ ವರ್ತಿಸುತ್ತದೆ. ನಾದ ಊದುರಂಧ್ರದಿಂದಲೂ ಹೊರಡುತ್ತದೆ, ಅದಕ್ಕೆ ಹತ್ತಿರದ ತೆರೆದ ಬೆರಳುರಂಧ್ರದಿಂದಲೂ ಹೊರಡುತ್ತದೆ. ರಂಧ್ರಗಳೆಲ್ಲ ಮುಚ್ಚಿದ್ದರೆ ಎರಡನೆಯ ಜಾಗ ಕೊಳಲಿನ ತುದಿ. ಮೂಲಸ್ವರದ ಕಂಪನ ಈ ಎರಡೂ ಕಡೆಯಿಂದ ಒಂದೇ ಹಂತದಲ್ಲಿ ಹೊರಬರುತ್ತದೆ. ಎರಡು, ನಾಲ್ಕು ಪಟ್ಟಿನ ಸಮ ಉಪಸ್ವರಗಳು ಮಾತ್ರ ವಿರುದ್ಧ ಹಂತದಲ್ಲಿ ಹೊರಬರುತ್ತವೆ. ಎರಡಕ್ಕೂ ಸಮದೂರದಲ್ಲಿ ಮೈಕು ನಿಂತರೆ ಅವು ಒಂದನ್ನೊಂದು ಅಳಿಸಿ, ನಾದ ಬಡವಾಗುತ್ತದೆ. ಮೈಕನ್ನು ಬೆರಳುಗಳ ಕಡೆಗೆ ಒಯ್ದರೆ ಇನ್ನೊಂದು ತೊಡಕು: ತೆರೆದ ರಂಧ್ರ ಸ್ವರದಿಂದ ಸ್ವರಕ್ಕೆ ಬದಲಾಗುವುದರಿಂದ ಮೈಕಿನ ಬಳಿಯ ಸ್ವರ ಎದ್ದು, ದೂರದ್ದು ಕುಗ್ಗುತ್ತದೆ. ನಿಧಾನವಾಗಿ ಜಾರುವ ಒಂದು ಗಮಕದ ನಡುವೆ ಹೀಗಾದರೆ ರಾಗದ ಮುಖವೇ ಕೆಡುತ್ತದೆ. ಎಲ್ಲ ಸ್ವರಗಳಿಗೂ ಸ್ಥಿರವಾಗಿರುವ ಮೂಲ ಊದುರಂಧ್ರ ಒಂದೇ.

ಆದರೆ ಉಸಿರಿನ ಸಪ್ಪಳ ಹುಟ್ಟುವುದೂ ಅಲ್ಲಿಯೇ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೆಂದು ತಿಳಿಯುವುದುಂಟು. ತುಟಿಯಿಂದ ಹೊರಟ ಗಾಳಿ ನೇರವಾಗಿ ಮೈಕಿನ ಪೊರೆಗೆ ಬಡಿದಾಗ ಬರುವ ‘ಧಪ್’ ಸದ್ದು ಗಾಳಿಯ ಹೊಡೆತ. ಫೋಮ್ ಟೊಪ್ಪಿಗೆ ಹಾಕಿದರೆ, ಮೈಕನ್ನು ಗಾಳಿಯ ದಾರಿಯಿಂದ ಸರಿಸಿದರೆ ಅದು ಹೋಗುತ್ತದೆ. ರಂಧ್ರದ ಅಂಚಿಗೆ ತಗುಲಿದ ಗಾಳಿ ಸುಳಿಸುಳಿಯಾಗಿ ಎಬ್ಬಿಸುವ ‘ಸ್ಸ್’ ಮಾತ್ರ ನಿಜವಾದ ಧ್ವನಿ. ಫೋಮ್ ಅದನ್ನು ತಡೆಯಲಾರದು. ಸಪ್ಪಳದ ಮೂಲ ಊದುರಂಧ್ರವಾದರೆ ನಾದಕ್ಕೆ ಮೂಲ ಎರಡು. ಹಾಗಾಗಿ ಮೈಕನ್ನು ಊದುರಂಧ್ರದಿಂದ ಬೆರಳುಗಳ ಕಡೆಗೆ ತುಸು ಸರಿಸಿದರೆ, ಸಮದೂರಕ್ಕೆ ಹೋಗುವ ಮೊದಲೇ, ನಾದದ ಮುಂದೆ ಸಪ್ಪಳ ತಗ್ಗುತ್ತದೆ. ಗಾಳಿ ಮುಂದಕ್ಕೂ ಕೆಳಕ್ಕೂ ಹೋಗುವುದರಿಂದ ಮೈಕು ಕಣ್ಣಿನ ಮಟ್ಟದಿಂದ ಓರೆಯಾಗಿ ಕೆಳಗೆ ನೋಡುವಂತಿರಬೇಕು. ದೂರ 10ರಿಂದ 15 ಸೆಂಟಿಮೀಟರ್ ಇರಲಿ ಎಂಬುದು ನನ್ನ ಅಭಿಪ್ರಾಯ. 5 ಸೆಂಟಿಮೀಟರಿನಲ್ಲಿಟ್ಟರೆ ವಾದಕರು ತಾಳದೊಂದಿಗೆ ತಲೆ ತೂಗಿ ಅಷ್ಟೇ ದೂರ ಹಿಂದೆ ಸರಿದರೂ ಸುಮಾರು 6 ಡೆಸಿಬೆಲ್ ಕಳೆದುಹೋಗುತ್ತದೆ.

ಇನ್ನು ಮೈಕಿನ ಜಾತಿ. 1966ರಲ್ಲಿ ಬಂದ ಶೂರ್ ಎಸ್ಎಂ58 ಕಂಠಕ್ಕೆಂದೇ ರೂಪುಗೊಂಡದ್ದು. 2 ಕಿಲೋಹರ್ಟ್ಸ್‌ನಿಂದ ಮೇಲೆ ಅದರ ಸ್ಪಂದನ ಏರುತ್ತದೆ. ಮಾತಿನ ವ್ಯಂಜನಗಳನ್ನು ಸ್ಪಷ್ಟಗೊಳಿಸುವ ಈ ಗುಣವೇ ಕೊಳಲಿನಲ್ಲಿ ಉಸಿರಿನ ಸಪ್ಪಳವನ್ನು ಮುಂದೆ ತಂದು ನಿಲ್ಲಿಸುತ್ತದೆ. ಗಾಯಕರಿಗೆ ಹತ್ತಿರದ ಮೈಕು ಕೊಡುವ ಮಂದ್ರದ ತುಂಬುತನವೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇ ಶ್ರುತಿಯ ಉದ್ದ ಬಾನ್ಸುರಿಯ ಅತಿ ಕೆಳಗಿನ ಸ್ವರವೇ ಸುಮಾರು 247 ಹರ್ಟ್ಸ್. ನಮ್ಮ ಗಿಡ್ಡ ಕೊಳಲುಗಳು ಸಾಮಾನ್ಯವಾಗಿ ಅದಕ್ಕಿಂತ ಮೇಲೆ. 150 ಹರ್ಟ್ಸ್‌ಗಿಂತ ಕೆಳಗಿನದನ್ನು ಮಿಕ್ಸರಿನಲ್ಲಿ ಕತ್ತರಿಸಿದರೆ ಕೊಳಲಿಗೆ ನಷ್ಟವಿಲ್ಲ, ಮೃದಂಗದ ತೊಪ್ಪಿಯ ಸೋರಿಕೆಯೂ ಹಲಗೆಯ ಗುಡುಗುಡು ಸದ್ದೂ ತಗ್ಗುತ್ತವೆ. ಒಳ್ಳೆಯ ಸಭಾಂಗಣದಲ್ಲಿ ನಾನು ಸೂಚಿಸುವುದು ಚಿಕ್ಕ ಪೊರೆಯ, ಸಪಾಟಾದ ಸ್ಪಂದನದ ಕಂಡೆನ್ಸರ್ ಮೈಕು. ಮೆಲ್ಲಗೆ ಊದಿದ ಸ್ವರದ ಏರಿಳಿತವನ್ನು ಅದು ಹಿಡಿಯುವಷ್ಟು ಸೂಕ್ಷ್ಮವಾಗಿ ಎಸ್ಎಂ58ನಂಥ ಡೈನಮಿಕ್ ಮೈಕು ಹಿಡಿಯದು. ಅದಕ್ಕೆ ಮಿಕ್ಸರಿನಿಂದ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಬೇಕು ಎಂಬುದನ್ನು ಆಯೋಜಕರಿಗೆ ಮೊದಲೇ ತಿಳಿಸಬೇಕು.

ಚಪ್ಪರದ ಕಥೆ ಬೇರೆ. 1939ರಲ್ಲಿ ಆರಂಭವಾದ ಬೆಂಗಳೂರಿನ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವದಂಥ ಬೇಸಿಗೆಯ ಕಛೇರಿಗಳಲ್ಲಿ ವೇದಿಕೆಗೆ ಫ್ಯಾನು ಬೇಕೇ ಬೇಕು. ಅದರ ಗಾಳಿ ಮೈಕಿಗೆ ಬಡಿಯುವುದಷ್ಟೇ ಅಲ್ಲ, ವಾದಕರ ತುಟಿಯಿಂದ ಹೊರಟ ಗಾಳಿಯ ಎಳೆಯನ್ನೇ ಅಲುಗಿಸಿ ಸ್ವರವನ್ನು ಒಡೆಯಬಲ್ಲದು. ಆದ್ದರಿಂದ ಫ್ಯಾನು ವಾದಕರ ಬೆನ್ನಿಗಿರಬೇಕು. ಇಂಥಲ್ಲಿ ಕೊಳಲಿಗೇ ಸಿಕ್ಕಿಸುವ ಪುಟ್ಟ ಓಮ್ನಿ ಮೈಕು, ಅಂದರೆ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವ ಮೈಕು, ಒಳ್ಳೆಯ ದಾರಿ. ಓಮ್ನಿ ಮೈಕಿಗೆ ಗಾಳಿಯ ಹೊಡೆತ ಕಡಿಮೆ ತಟ್ಟುತ್ತದೆ, ತಲೆ ತೂಗಿದರೂ ದೂರ ಬದಲಾಗದು. ಅದನ್ನು ಬೆರಳುಗಳಿಲ್ಲದ, ಮುಚ್ಚಿದ ತುದಿಯ ಕಡೆ ಕಟ್ಟಬೇಕು. ಆದರೆ ನಡುವೆ ಕೊಳಲು ಬದಲಿಸುವವರಿಗೆ ಇದು ತೊಡಕು, ಹಗುರ ಬಿದಿರಿಗೆ ಆ ತೂಕವೂ ತಿಳಿಯುತ್ತದೆ.

ವೇದಿಕೆಯ ಮೇಲೆ ಕೊಳಲಿನ ತುದಿ ಸಾಮಾನ್ಯವಾಗಿ ಬಲಕ್ಕೆ, ಮೃದಂಗದ ಕಡೆಗೇ ಚಾಚಿರುತ್ತದೆ. ಮುಂದಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಕಾರ್ಡಿಯಾಯ್ಡ್ ಮೈಕು ಪಕ್ಕದಿಂದ, ಅಂದರೆ 90 ಡಿಗ್ರಿಯಿಂದ, ಬರುವ ಸದ್ದನ್ನು 6 ಡೆಸಿಬೆಲ್‌ನಷ್ಟೇ ತಗ್ಗಿಸಿದರೆ, ಅದಕ್ಕಿಂತ ಕಿರಿದಾದ ಹಿಡಿತದ ಹೈಪರ್‌ಕಾರ್ಡಿಯಾಯ್ಡ್ 12ರಷ್ಟು ತಗ್ಗಿಸುತ್ತದೆ. ಅದರ ಕುರುಡು ಕೋನ ಸುಮಾರು 110 ಡಿಗ್ರಿ. ಮೈಕಿನ ಮುಖವನ್ನು ಪಿಟೀಲಿನ ಕಡೆಗೆ ಕೊಂಚ ತಿರುಗಿಸಿದರೆ ಮೃದಂಗ ಆ ಕೋನದ ಹತ್ತಿರಕ್ಕೆ ಬರುತ್ತದೆ. ಮಾನಿಟರ್ ಸ್ಪೀಕರನ್ನೂ ಇದೇ ಲೆಕ್ಕದಲ್ಲಿ ಇಡಬೇಕು: ಕಾರ್ಡಿಯಾಯ್ಡ್ ಆದರೆ ಮೈಕಿನ ನೇರ ಬೆನ್ನಿಗೆ, ಹೈಪರ್ ಆದರೆ ಬೆನ್ನಿನ ಓರೆಗೆ. ತೆರೆದಿಟ್ಟ ಮೈಕುಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ, ಕೀರಲು ಹಿಡಿಯದೆ ಏರಿಸಬಹುದಾದ ಮಟ್ಟ 3 ಡೆಸಿಬೆಲ್ ಇಳಿಯುತ್ತದೆ. ಕೊಳಲು ಕೇಳುತ್ತಿಲ್ಲ ಎಂದಾಗ ಮೊದಲು ಇಳಿಸಬೇಕಾದ್ದು ಮೃದಂಗದ ಮೈಕನ್ನು. ಚಿಕ್ಕ ಸಭೆಯಾದರೆ ಕೃತಿಗಳ ಹೊತ್ತಿನಲ್ಲಿ ಅದನ್ನು ಮುಚ್ಚಿಯೇ ಇಟ್ಟು, ತನಿಯಾವರ್ತನಕ್ಕೆ ತೆರೆದರೆ ಸಾಕು.